ಹಾಸು ಮತ್ತು ಹೊಕ್ಕು

ಮಹಾರಾಷ್ಟ್ರದ ಮಾಲೇಗಾಂವ್ ವಿದ್ಯುತ್ ಮಗ್ಗಗಳ ಊರು. ಮಗ್ಗದ ಮೇಲೆ ಹಾಸಿನ ನೂಲು ಎಷ್ಟೇ ಬಿಗಿಯಾಗಿದ್ದರೂ ಹೊಕ್ಕು ಹಾಯದೆ ಅದು ಬಟ್ಟೆಯಾಗದು. ಕಾಡು ಬೆಳೆಸುವ ಕೆಲಸವೂ ಹಾಗೆಯೇ, ಹಲವರು ಕೂಡಿದರಷ್ಟೇ ಆದೀತು.

ಆ ಊರು ಸೇರಿರುವ ನಾಸಿಕ್ ಜಿಲ್ಲೆಯಲ್ಲೇ ಇದಕ್ಕೊಂದು ನಿದರ್ಶನವಿದೆ. ನಾಸಿಕ್ ನಗರದ ಸಾತ್ಪುರ ಬಳಿ ಫಾಶಿ ಡೋಂಗರ್ ಎಂಬ ಬೋಳುಗುಡ್ಡವಿತ್ತು. ಜಾಗ ಅರಣ್ಯ ಇಲಾಖೆಯದು, ಮುಂದಾಳ್ತನ 'ಆಪ್ಲ ಪರ್ಯಾವರಣ' ಎಂಬ ಸಂಸ್ಥೆಯದು, ದುಡಿಮೆ ಊರವರದು. 2015ರ ಜೂನ್ 5ರಂದು ಸಾವಿರಾರು ನಾಟಿ ಸಸಿಗಳು ಅಲ್ಲಿ ಬೇರೂರಲು ಹೊರಟವು. ಹೆಸರು 'ದೇವರಾಯಿ', ಅಂದರೆ ನಮ್ಮ ಕೊಡಗಿನವರ ಬಾಯಲ್ಲಿರುವ ದೇವರಕಾಡು.

ಇಂಥ ಕೆಲಸಕ್ಕೆ ಹಣದ ದಾರಿಯೂ ಈಗ ಇದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ.

ಆದರೆ ಗಿಡ ನೆಡುವ ದಿನ ಫೋಟೊಗೆ ನಿಲ್ಲುವ ಕೈಗಳು ಬಹಳ, ಏಪ್ರಿಲ್‌ನಲ್ಲಿ ನೀರು ಹೊರುವ ಕೈಗಳು ಕಡಿಮೆ. ಬೇಸಿಗೆಯಲ್ಲಿ ಎಳೆಯ ಮುತ್ತುಗದ ಸಸಿ ಒಣಕಡ್ಡಿಯಂತೆ ಕಾಣುತ್ತದೆ. ಸತ್ತಿತೆಂದು ಕೀಳಬೇಡಿ. ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿ, ಒಳಗೆ ಹಸಿರಿರಬಹುದು. ಆ ಹಸಿರನ್ನು ಮುಂದಿನ ಮಳೆಯವರೆಗೆ ಕಾಯುವುದೇ ನಿಜವಾದ ಪಾಲುದಾರಿಕೆ.

ನೆಲ ಒಬ್ಬರದು, ಹಣ ಒಬ್ಬರದು, ಬೆವರು ಇನ್ನೊಬ್ಬರದು. ಹಾಸುಹೊಕ್ಕಾದರೆ, ನೆರಳು ಎಲ್ಲರದು.