ತಾರಿಹಾಳದಿಂದ ಮೂಡಲಿಗೆ



ಪ್ರವಾಸವೆಂದೊಡನೆ ನಗರವಾಸಿಗಳಾದ ನಮ್ಮ ಮನಸ್ಸು ಸಾಮಾನ್ಯವಾಗಿ ಹಸುರಿನ ಕಡೆಗೇ ಹರಿಯುತ್ತದೆ. ಜಲಪಾತವೊಂದು ಧುಮುಕುತ್ತಿರಬೇಕು, ಬಿಸಿಲು ನೆಲಕ್ಕಿಳಿಯದಂತಹ ಅಡವಿಯಿರಬೇಕು, ಆಗ ಅದು ನಿಸರ್ಗ. ಮಿಕ್ಕದ್ದೆಲ್ಲ ಬರಿಯ ನೆಲ. ಹುಬ್ಬಳ್ಳಿ ಧಾರವಾಡಗಳಲ್ಲಿ ಯಾರನ್ನಾದರೂ ಕೇಳಿ ನೋಡಬಹುದು. ರಜೆಯ ದಿನ ಹೊರಟ ಹತ್ತು ವಾಹನಗಳಲ್ಲಿ ಒಂಬತ್ತು ದಾಂಡೇಲಿಗೋ ಯಲ್ಲಾಪುರಕ್ಕೋ ಪಶ್ಚಿಮಾಭಿಮುಖವಾಗಿಯೇ ಹೋಗುತ್ತವೆ. ಮೂಡಣ ಸೀಮೆಯ ಮಾತೆತ್ತಿದರೆ, “ಅಲ್ಲೇನದ ನೋಡಲಿಕ್ಕೆ?” ಎಂಬ ಪ್ರಶ್ನೆಯೇ ಉತ್ತರವಾಗಿ ಬರುತ್ತದೆ. ಆ ಪ್ರಶ್ನೆಯನ್ನು ನಾವು ಈ ದಿನ ಪ್ರಶ್ನೆಯೆಂದೇ ಎಣಿಸಿ, ಅದಕ್ಕೆ ತಕ್ಕ ಉತ್ತರವನ್ನು ಹೇಳಲು ಯತ್ನಿಸುತ್ತೇವೆ.

ಅವಳಿನಗರದ ಅಂಚಿನಲ್ಲಿ ತಾರಿಹಾಳವೆಂಬ ಊರುಂಟು. ಈಗ ಅದಕ್ಕೆ ಕೈಗಾರಿಕಾ ಪ್ರದೇಶವೆಂದೇ ಪ್ರಸಿದ್ಧಿ. ಪುಣೆ–ಬೆಂಗಳೂರು ಹೆದ್ದಾರಿಯ ಬೈಪಾಸು ಅದರ ಮಗ್ಗುಲಲ್ಲಿ ಹಾಯುತ್ತದೆ, ವಿಮಾನನಿಲ್ದಾಣವೂ ದೂರವಿಲ್ಲ. ಹಗಲಿರುಳೂ ಲಾರಿಗಳ ಸದ್ದಿನ ಈ ಸ್ಥಳದಲ್ಲಿ ಪ್ರವಾಸಿಗಳಾರೂ ಇಳಿಯುವುದಿಲ್ಲ. ಆದರೆ ಭೂಗೋಳವನ್ನು ಬಲ್ಲವನಿಗೆ ಈ ಸೀಮೆ ಕುತೂಹಲಕರವಾದುದು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಹೊಸ್ತಿಲು ಇದು. ಧಾರವಾಡದ ಬಳಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಹುಬ್ಬಳ್ಳಿಯ ಮೂಡಣದ ಬೆಣ್ಣೆಹಳ್ಳದ ನೀರಾದರೋ ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳದ ಕೊಲ್ಲಿಗೆ ಹರಿಯುತ್ತದೆ. ಒಂದೇ ಮೋಡದ ಮಳೆ ಇಲ್ಲಿ ಎರಡು ಕಡಲುಗಳ ಪಾಲಾಗುತ್ತದೆ. ಈ ಹೊಸ್ತಿಲಿನಲ್ಲಿ ನಿಂತು ನಾವು ಪಡುವಣಕ್ಕೆ ಬೆನ್ನು ಮಾಡಿ ಮೂಡಲಿಗೆ ಹೊರಟೆವು. ನಮ್ಮ ಗುರಿ ಗದಗಿನಾಚೆಯ ಡಂಬಳ, ಮುಂಡರಗಿಗಳು ಮತ್ತು ಅವುಗಳ ನೆತ್ತಿಯ ಮೇಲಿರುವ ಕಪ್ಪತಗುಡ್ಡ.

ಹುಬ್ಬಳ್ಳಿಯನ್ನು ದಾಟಿ ಗದಗಿನ ದಾರಿಯನ್ನು ಹಿಡಿದರೆ ಎರೆಭೂಮಿಯ ರಾಜ್ಯ ಆರಂಭವಾಗುತ್ತದೆ. ಬೇಸಗೆಯಲ್ಲಿ ಈ ನೆಲ ಬಾಯಿಬಿಟ್ಟು ಬಿರಿಯುತ್ತದೆ. ಮಳೆ ಬಂದರೆ ಕಾಲಿಟ್ಟವನನ್ನು ಬಿಡದಂತೆ ಹಿಡಿಯುತ್ತದೆ. ಇದರ ಸೊಬಗನ್ನು ಕಾಣಬೇಕಾದರೆ ಮಾರ್ಗಶಿರ, ಪುಷ್ಯಮಾಸಗಳಲ್ಲಿ ಬರಬೇಕು. ಮುಂಗಾರಿನ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡ ಈ ಮಣ್ಣು ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಹುಮಟ್ಟಿಗೆ ಆ ತೇವದಿಂದಲೇ ಸಾಕುತ್ತದೆ. ಎಳ್ಳಮವಾಸ್ಯೆಯ ದಿನ ಒಕ್ಕಲುಮಕ್ಕಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುವುದು ಈ ತೇವದ ಋಣಕ್ಕಾಗಿ. ಹಾಲುಗಾಳಿನ ಜೋಳದ ತೆನೆಯನ್ನು ಸುಟ್ಟು ಉದುರಿಸಿದ ಸೀತನಿಯನ್ನು ಹೊಲದ ಬದುವಿನ ಮೇಲೆ ಕುಳಿತು ತಿಂದವನು ಈ ನೆಲವನ್ನು ಬರಡೆಂದು ಕರೆಯಲಾರ.

ದಾರಿಯಲ್ಲಿ ಪಂಪನ ಜನ್ಮಸ್ಥಳವೆಂದು ಹೇಳಲಾಗುವ ಅಣ್ಣಿಗೇರಿಯ ಅಮೃತೇಶ್ವರನನ್ನೂ, ಗದಗಿನಲ್ಲಿ ಕುಮಾರವ್ಯಾಸನ ನೆನಪಿನ ವೀರನಾರಾಯಣನನ್ನೂ ಕಂಡು, ನಾವು ದಕ್ಷಿಣಪೂರ್ವಕ್ಕೆ ತಿರುಗಿದೆವು. ಗದಗಿನಿಂದ ಡಂಬಳಕ್ಕೆ ಸುಮಾರು 20 ಕಿಲೋಮೀಟರು. ಬಲಗಡೆಯ ದಿಗಂತದಲ್ಲಿ ಒಂದು ನೀಲಿಯ ಗೆರೆ ಮೂಡುತ್ತದೆ. ಹತ್ತಿರ ಹೋದಂತೆ ಅದು ಬೆಟ್ಟದ ಸಾಲಾಗುತ್ತದೆ. ಗದಗಿನ ಬಳಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ, ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳನ್ನು ಬೆಸೆದು ಮಲಗಿರುವ ಈ ಸಾಲೇ ಕಪ್ಪತಗುಡ್ಡ.

ಬೆಟ್ಟ ಹೆಚ್ಚು ಎತ್ತರವಾದುದೇನೂ ಅಲ್ಲ. ಸಹ್ಯಾದ್ರಿಯನ್ನು ಕಂಡ ಕಣ್ಣಿಗೆ ಗುಡ್ಡವೆಂಬ ಹೆಸರೇ ಸಾಕು. ಆದರೆ ವಯಸ್ಸಿನಲ್ಲಿ ಇದು ಹಿರಿಯರಿಗೆ ಹಿರಿಯ. ಭೂವಿಜ್ಞಾನಿಯಾದ ರಾಬರ್ಟ್ ಬ್ರೂಸ್ ಫುಟ್ 1874ರಲ್ಲಿ ಡಂಬಳ ಗುಡ್ಡಗಳ ಚಿನ್ನವಿರುವ ಶಿಲೆಗಳನ್ನು ಕುರಿತು ಬರೆದ. ಮುಂದೆ ಇಂತಹ ಶಿಲಾವರ್ಗಕ್ಕೆ ಅವನು ‘ಧಾರವಾಡ’ವೆಂದೇ ಹೆಸರಿಟ್ಟ; ಇಂದಿಗೂ ಲೋಕದ ಭೂವಿಜ್ಞಾನಿಗಳು ಅದೇ ಹೆಸರನ್ನು ಬಳಸುತ್ತಾರೆ. ಈ ಕಲ್ಲುಗಳು 250 ಕೋಟಿ ವರ್ಷಗಳಿಗೂ ಹಳೆಯವು. ಹಿಮಾಲಯವು ಇವುಗಳ ಮುಂದೆ ನಿನ್ನೆ ಮೊನ್ನೆಯ ಕೂಸು. ಮಳೆಗಾಲದಲ್ಲಿ ಗುಡ್ಡದಿಂದಿಳಿಯುವ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುವ ಜಾಲಗಾರರೆಂಬ ಕಸುಬಿನವರು ಈ ಸೀಮೆಯಲ್ಲಿ ಇದ್ದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಂಪೆನಿಗಳು ಬಂದು ಗದಗಿನ ಆಸುಪಾಸಿನಲ್ಲಿ ಗಣಿಗಳನ್ನೂ ತೋಡಿದುವು. ಕೆಲವೇ ವರ್ಷಗಳಲ್ಲಿ ಕೆಲಸ ನಿಂತುಹೋಯಿತು. ಗುಡ್ಡ ಅಂದಿಗೆ ಉಳಿಯಿತು.

ಡಂಬಳ ಇಂದು ಸಣ್ಣ ಊರು. ಅದರ ಸಣ್ಣತನವನ್ನು ನಂಬಿ ಮೋಸಹೋಗಬಾರದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ವರ್ತಕರ ಪಟ್ಟಣ. 1095ರ ಒಂದು ಶಾಸನ ಇಲ್ಲಿಯ ಬೌದ್ಧರ ತಾರಾದೇವಿಯನ್ನು ಸ್ತುತಿಸಿ, ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರಕ್ಕೆ ದತ್ತಿಯನ್ನು ಹೇಳುತ್ತದೆ. ಕರ್ನಾಟಕದಲ್ಲಿ ಬೌದ್ಧಮತದ ದೀಪ ಮಂದವಾಗಿದ್ದ ಕಾಲದಲ್ಲಿ, ಈ ಬಯಲಿನ ಊರಿನಲ್ಲಿ ಅದು ಇನ್ನೂ ಉರಿಯುತ್ತಿತ್ತು. ಊರ ಹೊರಗಿನ ದೊಡ್ಡಬಸಪ್ಪನ ಗುಡಿ ಹನ್ನೆರಡನೆಯ ಶತಮಾನದ್ದು. ಅದರ ಗರ್ಭಗೃಹದ ಹೊರಭಿತ್ತಿ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದ ಆಕಾರದಲ್ಲಿ ತಿರುಗುತ್ತ ಮೇಲೇರುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಪ್ರತಿಯೊಂದು ಮೂಲೆಯೂ ಒಂದು ಮುಖದಲ್ಲಿ ಬೆಳಕನ್ನೂ ಇನ್ನೊಂದರಲ್ಲಿ ನೆರಳನ್ನೂ ಹೊತ್ತು ನಿಲ್ಲುತ್ತದೆ. ಅರ್ಧಗಂಟೆ ಅಲ್ಲಿಯೇ ನಿಂತರೆ ಗುಡಿ ತಾನಾಗಿಯೇ ಮೆಲ್ಲಗೆ ಸುತ್ತುತ್ತಿರುವಂತೆ ತೋರುತ್ತದೆ. ಶಿಲ್ಪಿಯ ಕೈಗೆ ಹಾಗೆ ಒಲಿದ ಮೃದುವಾದ ಕಲ್ಲು ಧಾರವಾಡ ಶಿಲಾವರ್ಗದ್ದೇ ಎಂಬುದನ್ನು ನೆನೆದಾಗ, ಗುಡ್ಡಕ್ಕೂ ಗುಡಿಗೂ ಇರುವ ನಂಟು ಮನಸ್ಸಿಗೆ ಹೊಳೆಯುತ್ತದೆ.

ಡಂಬಳದಿಂದ ಡೋಣಿಯ ಮಾರ್ಗವಾಗಿ ಗುಡ್ಡವನ್ನೇರಬಹುದು. ಇದು ಸದಾ ಹಸುರಿನ ಕಾಡಲ್ಲ; ಕುರುಚಲು, ಮುಳ್ಳುಪೊದೆ, ಹುಲ್ಲುಗಾವಲು. ಬೇಸಗೆಯಲ್ಲಿ ಬಂದವನಿಗೆ ಕೆಂಪು ಕಲ್ಲೂ ಒಣಹುಲ್ಲೂ ಮಾತ್ರ ಕಾಣುತ್ತವೆ. ಆದರೆ ಒಂದೆರಡು ಮಳೆ ಬಿದ್ದ ಮೇಲೆ ಇದೇ ಗುಡ್ಡ ಗುರುತೇ ಸಿಗದಂತೆ ಬದಲಾಗುತ್ತದೆ. ನಾಡವೈದ್ಯರು ತಲೆಮಾರುಗಳಿಂದ ಇಲ್ಲಿಗೆ ಬೇರು, ತೊಗಟೆ, ಎಲೆಗಳಿಗಾಗಿ ಬರುತ್ತಿದ್ದಾರೆ. ಗುಡ್ಡದ ಕೀರ್ತಿಯೆಲ್ಲ ಈ ಔಷಧಿಸಸ್ಯಗಳದ್ದೇ. ಚಿರತೆ, ತೋಳ, ಕತ್ತೆಕಿರುಬಗಳು ಇಲ್ಲಿ ವಾಸಿಸುತ್ತವೆ. ನೆತ್ತಿಯ ಮೇಲೆ ಕಪ್ಪತ ಮಲ್ಲಯ್ಯನ ಗುಡಿಯುಂಟು. ಪಡುವಣ ಗಾಳಿ ಅಲ್ಲಿ ಬೀಸುವ ರಭಸವನ್ನು ಹೇಳಿ ಮುಗಿಸುವಂತಿಲ್ಲ. ಸಾಲುಸಾಲಾಗಿ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಮಲೆನಾಡಿನಲ್ಲಿ ತನ್ನ ನೀರನ್ನು ಸುರಿದುಬಂದ ಗಾಳಿ ಇಲ್ಲಿಗೆ ಬರುವಾಗ ಹಗುರಾಗಿರುತ್ತದೆ. ಆ ಕೊನೆಯ ತೇವವನ್ನು ತಡೆದು ಇಳಿಸಿಕೊಳ್ಳಲು ಈ ಸೀಮೆಗೆ ಇರುವ ಆಸರೆ ಈ ಗುಡ್ಡವೊಂದೇ ಎಂದು ಸುತ್ತಣ ಹಳ್ಳಿಗರು ನಂಬಿದ್ದಾರೆ. ಗುಡ್ಡದಲ್ಲಿ ಇಂಗಿದ ಮಳೆನೀರು ತಪ್ಪಲಿನ ಕೆರೆಬಾವಿಗಳಿಗೆ ಒದಗುವುದನ್ನು ಕಣ್ಣಾರೆ ಕಾಣುವ ಜನರ ನಂಬಿಕೆ ಅದು.

ಇಲ್ಲಿಗೆ ನಾವು ಪ್ರಾರಂಭದ ಪ್ರಶ್ನೆಯ ಮರ್ಮಕ್ಕೆ ಬಂದೆವು. “ಅಲ್ಲೇನದ?” ಎಂಬುದು ಪ್ರವಾಸಿಗನ ಬಾಯಲ್ಲಿ ಬರಿಯ ಉದಾಸೀನದ ಮಾತು. ಅದೇ ಮಾತು ಕಾಗದಪತ್ರಗಳಲ್ಲಿ ಸೇರಿದರೆ ‘ನಿರುಪಯುಕ್ತ ಭೂಮಿ’ಯಾಗುತ್ತದೆ; ನಿರುಪಯುಕ್ತವಾದುದನ್ನು ಯಾರಿಗಾದರೂ ಕೊಡಲು ಅಡ್ಡಿಯೇನು? 2015ರ ಡಿಸೆಂಬರಿನಲ್ಲಿ ಸರ್ಕಾರವು ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಗಣಿಗೆ ಬಾಗಿಲು ತೆರೆಯಿತೆಂದು ಜನ ಭಾವಿಸಿದರು. ಆಗ ಡಂಬಳ–ಗದಗ ಸಂಸ್ಥಾನಮಠದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಕಂಪೆನಿಯ ಉಕ್ಕಿನ ಕಾರ್ಖಾನೆಗೆ ಹೊಲಗಳನ್ನು ತೆಗೆದುಕೊಳ್ಳುವ ಪ್ರಯತ್ನ ನಡೆದಾಗಲೂ ರೈತರ ಪಕ್ಷದಲ್ಲಿ ನಿಂತವರು ಅವರೇ. ಒಕ್ಕಲಿಗರು, ವಿದ್ಯಾರ್ಥಿಗಳು, ವೈದ್ಯರು, ಸಾಹಿತಿಗಳು ಗದಗಿನ ಬೀದಿಗೆ ಬಂದರು. 2017ರಲ್ಲಿ ರಕ್ಷಣೆ ಮರಳಿ ದೊರೆಯಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. 2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವಾಯಿತು.

ಎದುರುಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಮಳೆ ಕಡಿಮೆಯಾದ ಈ ತಾಲ್ಲೂಕುಗಳಿಂದ ಎಷ್ಟೋ ತರುಣರು ಕೂಲಿಯನ್ನರಸಿ ಹೊರಡುತ್ತಾರೆ. ತಾರಿಹಾಳದಂತಹ ಕಡೆಗಳ ಕಾರ್ಖಾನೆಗಳು ಅಂತಹವರಿಗೆ ಅನ್ನ ಕೊಡುತ್ತವೆ. ಅಲ್ಲಿಯ ಯಂತ್ರಗಳೂ, ನಾವು ಏರಿ ಹೋದ ವಾಹನವೂ ಯಾವುದೋ ಗುಡ್ಡದ ಕಬ್ಬಿಣದಿಂದಲೇ ಆದವು. ಗಣಿಯೇ ಬೇಡವೆಂದು ನಾವು ಹೇಳಲಾರೆವು. ಆದರೆ ಗಣಿಯ ಕೂಲಿ ಅದಿರು ಇರುವಷ್ಟು ದಿನ. ಗುಡ್ಡದ ನೀರು ಗುಡ್ಡ ಇರುವಷ್ಟು ದಿನ. ಈ ಲೆಕ್ಕವನ್ನು ಶಾಲೆಗೆ ಹೋಗದ ಕುರಿಗಾಹಿಯೂ ಮಾಡಬಲ್ಲ. ರಕ್ಷಣೆಯ ಕಾಯಿದೆ ಬಂದಿತೆಂದು ಕೆಲಸ ಮುಗಿಯಲೂ ಇಲ್ಲ. ಬೇಸಗೆ ಬಂದರೆ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ. ವನ್ಯಜೀವಿಧಾಮದ ಸುತ್ತಣ ವಲಯ ಎಷ್ಟಿರಬೇಕೆಂಬ ವಾದ ಅನಂತರವೂ ನಡೆದಿದೆ.

ಗುಡ್ಡದಿಂದಿಳಿದು ಮುಂಡರಗಿಗೆ ಬಂದರೆ, 1858ರಲ್ಲಿ ಇಂಗ್ಲಿಷರ ಮೇಲೆ ಕತ್ತಿಯೆತ್ತಿ ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು ಅದು. ಅಲ್ಲಿಂದ ಮುಂದೆ ಕೊರ್ಲಹಳ್ಳಿಯ ಬಳಿ ತುಂಗಭದ್ರೆ ಕಾಣಿಸುತ್ತಾಳೆ. ಒಣನೆಲವನ್ನು ದಾಟಿ ಬಂದ ಕಣ್ಣಿಗೆ ಆ ನೀರಿನ ಹರವು ಹಬ್ಬದಂತಿರುತ್ತದೆ. ಮರಳುವಾಗ ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಡೆಯಿಂದ ಬರುವುದು ಲೇಸು. ಹಿಂದೆ ಸಾಂಗ್ಲಿ, ಮಿರಜ ಸಂಸ್ಥಾನಗಳಿಗೆ ಹಂಚಿಹೋಗಿದ್ದ ಊರುಗಳಿವು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ‘ಕವಿರಾಜಮಾರ್ಗ’ವು ಕನ್ನಡದ ತಿರುಳಿರುವ ನಾಡೆಂದು ಗುರುತಿಸಿದ ಸೀಮೆಯ ಎಲ್ಲೆಯಲ್ಲಿ ಒಂದು.

ಇದೇ ಸೀಮೆಯ ಮಾಗಡಿ ಎಂಬ ಹಳ್ಳಿಯಲ್ಲಿ ಸುಮಾರು 50 ಹೆಕ್ಟೇರಿನ ಒಂದು ಕೆರೆಯುಂಟು. ಬೇಸಾಯಕ್ಕಾಗಿ ಮಳೆನೀರು ನಿಲ್ಲಿಸಲು ಹಿಂದಿನವರು ಕಟ್ಟಿದ ಸಾಧಾರಣ ಕೆರೆ. ಚಳಿಗಾಲ ಬಂತೆಂದರೆ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ಹಾರಿ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಇಳಿಯುತ್ತವೆ. ವರ್ಷಕ್ಕೆ ಸುಮಾರು 8,000 ಎಂದು ಎಣಿಕೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳನ್ನು ಕರ್ನಾಟಕದ ಕೆರೆಗಳಲ್ಲಿ ಗುರುತಿಸಿದ್ದಾರೆ. ಹೊಲಗಳಲ್ಲಿ ಮೇಯುವುದು, ಬಿಸಿಲೇರಿದಾಗ ಕೆರೆಯಲ್ಲಿ ವಿಶ್ರಮಿಸುವುದು, ಇದು ಅವುಗಳ ದಿನಚರಿ. ತಮ್ಮ ಬೆಳೆಯಲ್ಲಿ ಒಂದು ಪಾಲು ಅವುಗಳ ಹೊಟ್ಟೆಗೆ ಹೋಗುತ್ತದೆಂದು ತಿಳಿದೂ ಆಸುಪಾಸಿನ ರೈತರು ಅವುಗಳೊಡನೆ ಬಾಳುತ್ತಿದ್ದಾರೆ. 2024ರಲ್ಲಿ ಈ ಕೆರೆ ರಾಮ್ಸಾರ್ ಒಪ್ಪಂದದ ಜಾಗತಿಕ ಪಟ್ಟಿಯನ್ನು ಸೇರಿತು. ನಗರದ ನಾವು “ಏನೂ ಇಲ್ಲ”ವೆಂದ ಬಯಲನ್ನು, ಖಂಡದ ಆಚೆಯ ತುದಿಯ ಹಕ್ಕಿ ಆರಿಸಿಕೊಂಡು ಬರುತ್ತಿದೆ.

ಹೋಗಬಯಸುವವರಿಗೆ ಎರಡು ಮಾತು. ಗುಡ್ಡದ ಹಸುರಿಗೆ ಶ್ರಾವಣದಿಂದ ಆಶ್ವಯುಜದವರೆಗೆ, ಹಕ್ಕಿಗಳಿಗೂ ಜೋಳದ ಹೊಲಗಳಿಗೂ ಡಿಸೆಂಬರು, ಜನವರಿ ಸರಿಯಾದ ಕಾಲ. ಗುಡ್ಡವೇರುವ ಮುನ್ನ ಅರಣ್ಯ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಳ್ಳಬೇಕು; ಕುಡಿಯುವ ನೀರನ್ನು ಕೊಂಡೊಯ್ಯಬೇಕು; ಬೆಂಕಿಪೆಟ್ಟಿಗೆಯನ್ನು ಕೆಳಗೆ ಬಿಡಬೇಕು. ಕೆರೆಯ ಏರಿಯ ಮೇಲೆ ಗದ್ದಲ ಮಾಡಬಾರದು. ಹಳ್ಳಿಯ ಖಾನಾವಳಿಯ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನು ಬಿಟ್ಟು ಬುತ್ತಿ ಹೊತ್ತೊಯ್ಯುವುದು ಅರಸಿಕತೆ.

ನಿಸರ್ಗದ ಸೌಂದರ್ಯವೆಲ್ಲ ಮೊದಲ ನೋಟಕ್ಕೇ ಒಲಿಯಬೇಕೆಂಬ ನಿಯಮವೇನೂ ಇಲ್ಲ. ಮಲೆನಾಡು ಬಂದವನನ್ನು ತಾನೇ ಎದುರುಗೊಳ್ಳುತ್ತದೆ. ಬಯಲುನಾಡಾದರೋ ಬಂದವನು ಋತುವನ್ನರಿತು, ಚರಿತ್ರೆಯನ್ನರಿತು, ಸ್ವಲ್ಪ ಕಾದು ನೋಡುವುದನ್ನು ಬಯಸುತ್ತದೆ. ಕಪ್ಪತಗುಡ್ಡವನ್ನು ಉಳಿಸಿದವರು ಅದನ್ನು ಹಾಗೆ ನೋಡಿ ಬಲ್ಲವರಾಗಿದ್ದರು. ಬಲ್ಲವರ ಸಂಖ್ಯೆ ಹೆಚ್ಚಿದಷ್ಟೂ ಗುಡ್ಡದ ಆಯುಸ್ಸು ಹೆಚ್ಚುತ್ತದೆಂದು ನಾವು ನಂಬಿದ್ದೇವೆ. ಆದುದರಿಂದ ಮುಂದಿನ ರಜೆಯಲ್ಲಿ ಒಂದು ಸಲವಾದರೂ ಗಾಡಿಯ ಮುಖವನ್ನು ಮೂಡಲಿಗೆ ತಿರುಗಿಸಬೇಕೆಂದು ಶ್ರೋತೃಗಳಲ್ಲಿ ವಿಜ್ಞಾಪಿಸಿಕೊಂಡು, ಈ ಭಾಷಣವನ್ನು ಮುಗಿಸುತ್ತೇವೆ.