ದೇವರ ಪರ ವಕಾಲತ್ತು ಬೇಡ



 ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕನ್ನಡ ಸಭೆಗಳ ಇಂಥ ಸಮಾವೇಶಕ್ಕೆ ಅಧ್ಯಕ್ಷರಾದವರು ಸಾಮಾನ್ಯವಾಗಿ ಆರಾಧನೆಯಲ್ಲಿ ಕನ್ನಡದ ಸ್ಥಾನ, ಸಭೆಗಳ ಒಗ್ಗಟ್ಟು, ಯುವಜನರ ಹೊಣೆ ಎಂದು ಮಾತನಾಡುತ್ತಾರೆ. ಬೇಕಾದ ಮಾತುಗಳೇ. ಆದರೆ ಸಂಘಟಕರು ಈ ಸಲ ಆರಿಸಿಕೊಂಡಿರುವುದು ನಾವು ಸಭೆಯೊಳಗೆ ಎತ್ತಲು ಹೆದರುವ ಪ್ರಶ್ನೆಯನ್ನು. ದೇವರು ಪ್ರೀತಿಸ್ವರೂಪಿ, ಸರ್ವಶಕ್ತ ಎಂದು ಭಾನುವಾರ ಹಾಡುವ ನಾವು, ಏನೂ ತಪ್ಪು ಮಾಡದ ಮಗು ನರಳುವುದನ್ನು ಸೋಮವಾರ ಆಸ್ಪತ್ರೆಯಲ್ಲಿ ಕಂಡಾಗ ಏನು ಹೇಳಬೇಕು?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ನಾವು ದೇವರ ಪರ ವಕೀಲರಾಗಿ ನಿಲ್ಲಬಾರದು. ದೇವರಿಗೆ ವಕೀಲರ ಅಗತ್ಯವಿಲ್ಲ. ಮಗುವಿಗೆ ಮತ್ತು ಅದರ ಹೆತ್ತವರಿಗೆ ನಮ್ಮ ಅಗತ್ಯವಿದೆ. ಇದನ್ನು ಹೇಳಲು ನಾನು ಬೈಬಲ್ಲಿನಿಂದ ಆಚೆ ಹೋಗಬೇಕಾಗಿಲ್ಲ. ಬೈಬಲ್ಲೇ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದೆ.

ಮಗು ತೀರಿಕೊಂಡ ಮನೆಯಲ್ಲಿ ನಾವು ಆಡುವ ಮಾತುಗಳನ್ನು ನೆನೆಯಿರಿ. ಎಲ್ಲ ದೇವರ ಚಿತ್ತ ಎನ್ನುತ್ತೇವೆ. ದೇವರು ತನ್ನ ತೋಟಕ್ಕೆ ಚೆಂದದ ಹೂವನ್ನೇ ಕಿತ್ತುಕೊಂಡ ಎನ್ನುತ್ತೇವೆ. ನಿಮ್ಮ ವಿಶ್ವಾಸವನ್ನು ಪರೀಕ್ಷಿಸುತ್ತಿದ್ದಾನೆ ಎನ್ನುತ್ತೇವೆ. ಹೇಳುವವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಆ ತಾಯಿಯ ಕಿವಿಗೆ ಅದು ಬೀಳುವುದು ಹೀಗೆ: ನಿನ್ನ ಮಡಿಲಿನಿಂದ ಮಗುವನ್ನು ಕಿತ್ತವನು ದೇವರೇ, ಇನ್ನು ಅವನನ್ನೇ ಸ್ತುತಿಸು. ಎಷ್ಟೋ ಜನ ಸಭೆಯಿಂದ ದೂರವಾದದ್ದು ಮಗುವಿನ ಸಾವಿನಿಂದಲ್ಲ, ಸಾವಿನ ಮೂರನೆಯ ದಿನ ನಾವು ಕೊಟ್ಟ ಸಮಾಧಾನದಿಂದ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಮ್ಮ ನಗರದ ಎಷ್ಟೋ ಪ್ರಾರ್ಥನಾ ಕೂಟಗಳಲ್ಲಿ ಈಗ ತಲೆಮಾರಿನ ಶಾಪದ ಬೋಧನೆ ಜೋರಾಗಿದೆ. ಮಗುವಿಗೆ ಮೂರ್ಛೆರೋಗ ಬಂದರೆ ತಾತ ಮಾಡಿದ ಪಾಪ, ಬುದ್ಧಿಮಾಂದ್ಯವಿದ್ದರೆ ಅಜ್ಜಿಯ ವಿಗ್ರಹಾರಾಧನೆ. ನೆರೆಮನೆಯವರು ಪೂರ್ವಜನ್ಮದ ಕರ್ಮ ಎಂದಾಗ ಒಪ್ಪದ ನಾವು, ಅದೇ ಲೆಕ್ಕಕ್ಕೆ ವಚನಗಳ ಹೊದಿಕೆ ಹಾಕಿ ಒಪ್ಪಿಕೊಂಡಿದ್ದೇವೆ. ಹೆತ್ತವರ ತಪ್ಪಿಗೆ ಮಕ್ಕಳು ತೆರಬೇಕೆಂಬ ಗಾದೆಯನ್ನು ಇನ್ನು ಆಡಬೇಡಿ ಎಂದು ಯೆಹೆಜ್ಕೇಲ ತನ್ನ 18ನೆಯ ಅಧ್ಯಾಯದಲ್ಲಿ ಖಂಡಿತವಾಗಿ ಸಾರಿದ್ದಾನೆ. ಹುಟ್ಟುಕುರುಡನನ್ನು ಕಂಡು, ಪಾಪ ಯಾರದು, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿ, ಮಣ್ಣು ಕಲಸಿ ಕೆಲಸಕ್ಕಿಳಿದ. ಸಿಲೋವದ ಬುರುಜು ಬಿದ್ದು 18 ಜನ ಸತ್ತ ಸುದ್ದಿಯನ್ನು ಎತ್ತಿಕೊಂಡಾಗಲೂ, ಸತ್ತವರು ಉಳಿದವರಿಗಿಂತ ಪಾಪಿಗಳೆಂದು ಎಣಿಸಬೇಡಿ ಎಂದ. 1981ರ ಫೆಬ್ರುವರಿ 7ರಂದು ಇದೇ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಸರ್ಕಸ್ ನೋಡಲು ಬಂದ ಮಕ್ಕಳು. ಆ ಮಕ್ಕಳ ಕುಟುಂಬಗಳ ಶಾಪವನ್ನು ಹುಡುಕುವ ಬೋಧಕನಿಗೆ ಸಿಲೋವದ ಬುರುಜಿನ ಆ ಮಾತೇ ಉತ್ತರ.

ಯೋಬನ ಕಥೆಯನ್ನು ನಾವು ತಾಳ್ಮೆಯ ಕಥೆ ಎಂದು ಮಕ್ಕಳಿಗೆ ಕಲಿಸುತ್ತೇವೆ. ಮೊದಲ ಎರಡು ಅಧ್ಯಾಯ ದಾಟಿದ ಮೇಲೆ ಅವನಲ್ಲಿ ತಾಳ್ಮೆ ಎಲ್ಲಿದೆ? ಅವನು ದೇವರನ್ನೇ ನ್ಯಾಯಸ್ಥಾನಕ್ಕೆ ಕರೆಯುತ್ತಾನೆ. ಅವನ ಸ್ನೇಹಿತರು ಬಂದು ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂತರು. ಅಲ್ಲಿಯವರೆಗೆ ಸರಿಯಿತ್ತು. ಬಾಯಿ ತೆರೆದ ಮೇಲೆ ದೇವರ ಪರ ಒಂದೊಂದಾಗಿ ವಾದ ಹೂಡಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ತನ್ನ ಮೇಲೆ ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರ ವಾದಿಸಿದ ಸ್ನೇಹಿತರ ಮೇಲೆ. ಪ್ರಸಂಗಪೀಠ ಹತ್ತುವ ನಾವೆಲ್ಲ ಆ 42ನೆಯ ಅಧ್ಯಾಯವನ್ನು ಆಗಾಗ ತೆರೆದು ನೋಡುವುದು ಒಳ್ಳೆಯದು.

ಕನ್ನಡಿಗರಿಗೆ ಇಂಥದೇ ಇನ್ನೊಂದು ಕಥೆ ಗೊತ್ತಿದೆ. ರಾಘವಾಂಕನ ಹರಿಶ್ಚಂದ್ರನ ಸತ್ಯ ಗೆದ್ದಿತು. ಆದರೆ ಅಪ್ಪನ ಪರೀಕ್ಷೆಗಾಗಿ ಹಾವು ಕಚ್ಚಿಸಿಕೊಂಡು ಸತ್ತವನು ಲೋಹಿತಾಶ್ವ. ಆ ಹುಡುಗನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಮ್ಮ ಜನ ನೂರಾರು ವರ್ಷಗಳಿಂದ ಹರಿಶ್ಚಂದ್ರನನ್ನು ಮೆಚ್ಚಿದರೂ ಕಣ್ಣೀರಿಟ್ಟದ್ದು ಸುಡುಗಾಡಿನಲ್ಲಿ ಅತ್ತ ಚಂದ್ರಮತಿಯ ಜೊತೆ. ಆ ಕಣ್ಣೀರಿನಲ್ಲಿ ಒಂದು ತಿಳಿವಳಿಕೆಯಿದೆ: ದೊಡ್ಡವರ ವಿಶ್ವಾಸವನ್ನು ಗಟ್ಟಿಮಾಡಲು ಮಗುವಿನ ನೋವನ್ನು ಉಪಕರಣ ಮಾಡಿಕೊಳ್ಳಲಾಗದು.

ಇನ್ನು ನಮ್ಮ ನೆರೆಯ ನೆಲಕ್ಕೆ ಬರೋಣ. ಹೆಸರಘಟ್ಟ ರಸ್ತೆಯ ಸಿಲುವೆಪುರಕ್ಕೆ ನಿಮ್ಮಲ್ಲಿ ಹಲವರು ಹೋಗಿರುತ್ತೀರಿ. ಆ ಊರಿನ ಹುಟ್ಟು 1876-78ರ ಧಾತು-ಈಶ್ವರ ಬರದ ಜೊತೆ ಬೆರೆತಿದೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ ಕಥೋಲಿಕ ಮಿಷನ್ನಿನವರು ಬೇಸಾಯದ ಊರುಗಳನ್ನು ಕಟ್ಟಿದರು. ಈ ಕಡೆ ಸಿಲುವೆಪುರ, ಕನಕಪುರದ ಕಡೆ ಮರಿಯಾಪುರ. ಇಂದಿನ ನಮ್ಮ ಸಭೆಗಳಲ್ಲಿ ಅಂಥ ಅನಾಥ ಮಕ್ಕಳ ಸಂತತಿಯವರೂ ಇದ್ದಾರೆ.

ಆ ಬರವನ್ನು ಎರಡು ರೀತಿಯಲ್ಲಿ ಓದಬಹುದು. ಸಭೆ ಬೆಳೆಯಲೆಂದು ದೇವರು ಬರ ಕಳಿಸಿದ ಎನ್ನುವುದು ಒಂದು ಓದು. ಹಾಗೆ ಓದಿದ ಕೂಡಲೇ ಸತ್ತ ಮಕ್ಕಳೆಲ್ಲ ನಮ್ಮ ಇತಿಹಾಸಕ್ಕೆ ಗೊಬ್ಬರವಾಗುತ್ತಾರೆ. ನಾನು ಅದನ್ನು ಒಪ್ಪಲಾರೆ. ಇನ್ನೊಂದು ಓದು ಹೀಗಿದೆ. ಮಳೆ ಕೈಕೊಟ್ಟದ್ದು ನಿಜ. ಆದರೆ ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಖರ್ಚು ಕಡಿಮೆ ಮಾಡಲೆಂದು ಬಂದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿನ ಮಟ್ಟಕ್ಕೆ ಇಳಿಸಿದ. ಆ ಧಾನ್ಯ ಅರ್ಧ ಕಿಲೋಗೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದು ಸಾಲದು ಎಂದು ವಾದಿಸಿದ. ಹಸಿದ ಮಗುವಿನ ಸಾವಿನಲ್ಲಿ ಮುಗಿಲಿನ ಪಾಲೆಷ್ಟು, ಕಡತದ ಪಾಲೆಷ್ಟು ಎಂದು ಕೇಳದೆ ಎಲ್ಲವನ್ನೂ ದೇವರ ಲೆಕ್ಕಕ್ಕೆ ಬರೆದರೆ, ಕಡತದವರು ನಿರಾಳವಾಗಿ ಮನೆಗೆ ಹೋಗುತ್ತಾರೆ.

ಇಲ್ಲಿ ಆ ಬರ ಮುಗಿಯುತ್ತಿದ್ದ 1878ರಲ್ಲಿ, ರಷ್ಯಾದಲ್ಲಿ ಕಾದಂಬರಿಕಾರ ದಾಸ್ತೋವ್‌ಸ್ಕಿಯ ಮೂರು ವರ್ಷ ತುಂಬದ ಮಗ ಅಲ್ಯೋಶ ಮೂರ್ಛೆರೋಗದಿಂದ ತೀರಿಕೊಂಡ. ಎರಡು ವರ್ಷಗಳ ಮೇಲೆ ಮುಗಿದ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ಇವಾನನೆಂಬ ಪಾತ್ರ, ಲೋಕದ ಕೊನೆಯಲ್ಲಿ ಎಲ್ಲವೂ ಸರಿಹೋಗುವುದಾದರೂ, ಅದಕ್ಕೆ ಒಂದು ಕೂಸಿನ ಕಣ್ಣೀರೇ ಬೆಲೆಯಾದರೆ ಅಂಥ ಸ್ವರ್ಗದ ಟಿಕೆಟ್ಟು ತನಗೆ ಬೇಡ ಎನ್ನುತ್ತಾನೆ. ಇದನ್ನು ಬರೆದವನು ನಾಸ್ತಿಕನಲ್ಲ, ಕ್ರಿಸ್ತನನ್ನು ಗಾಢವಾಗಿ ನಂಬಿದವನು. ಇವಾನನ ಪ್ರಶ್ನೆಗೆ ಅವನು ಕಾದಂಬರಿಯಲ್ಲಿ ತರ್ಕದ ಉತ್ತರ ಕೊಡಲಿಲ್ಲ. ಮಗನ ಹೆಸರನ್ನೇ ಇಟ್ಟ ಇನ್ನೊಂದು ಪಾತ್ರವನ್ನು, ಮಕ್ಕಳ ನಡುವೆ ಓಡಾಡುವ ಅಲ್ಯೋಶನನ್ನು, ಇವಾನನ ಎದುರಿಗೆ ಇಟ್ಟ.

ಕಡತದ ಪಾಲು ಎಂದೆನಲ್ಲ, ಅದು ಹಳೆಯ ಕಥೆ ಮಾತ್ರವಲ್ಲ. ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ, ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮಕ್ಕಳು ಅಂಗವೈಕಲ್ಯದಿಂದ, ಬುದ್ಧಿಮಾಂದ್ಯದಿಂದ, ಮೂರ್ಛೆಯಿಂದ ನರಳಿದಾಗ ದೈವದ ಮುನಿಸು ಎಂದುಕೊಂಡವರಿದ್ದರು. ಪಡ್ರೆಯ ವೈದ್ಯ ವೈ.ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳನ್ನು ಗಮನಿಸಿ ಅನುಮಾನ ಎತ್ತಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ. ಆ ಮಕ್ಕಳ ತಾಯಂದಿರಿಗೆ ಸಹನೆಯ ಪ್ರಸಂಗ ಮಾಡಿದವರಿಗಿಂತ, ನೀರಿನಲ್ಲಿ ಏನಿದೆ ಎಂದು ಕೇಳಿದವರು ದೇವರಿಗೆ ಹತ್ತಿರವಿದ್ದರು ಎಂದೇ ನನ್ನ ನಂಬಿಕೆ. ಮತ್ತಾಯನ ಸುವಾರ್ತೆಯೂ ಇದೇ ದಾರಿಯದು. ಬೇತ್ಲೆಹೇಮಿನ ಕೂಸುಗಳನ್ನು ಕೊಂದವನು ಹೆರೋದ ಎಂದು ಹೆಸರು ಹಿಡಿದು ಹೇಳುತ್ತದೆ. ಸಮಾಧಾನವನ್ನು ನಿರಾಕರಿಸಿ ಅಳುವ ರಾಹೇಲಳನ್ನು ಸಮಾಧಾನಪಡಿಸಲು ಹೋಗದೆ ಹಾಗೇ ಅಳಲು ಬಿಡುತ್ತದೆ.

ಇಷ್ಟು ಹೇಳಿದ ಮೇಲೂ ಕಷ್ಟದ ಪ್ರಶ್ನೆ ಉಳಿದೇ ಇದೆ. ಯೋಸೇಫನಿಗೆ ಕನಸಿನಲ್ಲಿ ಎಚ್ಚರಿಕೆ ಬಂತು. ಬೇತ್ಲೆಹೇಮಿನ ಉಳಿದ ಅಪ್ಪಂದಿರಿಗೆ ಏಕೆ ಬರಲಿಲ್ಲ? ಎರಡು ವರ್ಷದ ಮಗುವಿನ ರಕ್ತದ ಕ್ಯಾನ್ಸರಿಗೆ ಯಾವ ಹೆರೋದನೂ ಇಲ್ಲ, ಯಾವ ಕಂಪನಿಯೂ ಇಲ್ಲ. ಅದೇಕೆ? ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ.

ಆದರೆ ಒಂದು ಸಂಗತಿ ಕಣ್ಣಿಗೆ ಕಾಣುವಂತಿದೆ. ಯಾಯೀರ, ಕಪೆರ್ನೌಮಿನ ಅಧಿಕಾರಿ, ಸಿರಿಯದ ಕಡೆಯ ಆ ತಾಯಿ, ಮೂರ್ಛೆರೋಗದ ಹುಡುಗನ ತಂದೆ. ನಾಲ್ಕು ಸುವಾರ್ತೆಗಳಲ್ಲಿ ಹೆತ್ತವರು ಮಗುವಿಗಾಗಿ ಯೇಸುವಿನ ಬಳಿ ಬಂದಾಗ, ಇದು ದೇವರು ಕೊಟ್ಟದ್ದು, ಸಹಿಸಿಕೊಳ್ಳಿ ಎಂದು ಅವನು ಒಬ್ಬರಿಗೂ ಹೇಳಲಿಲ್ಲ. ಮಗುವಿನ ರೋಗವನ್ನು ಅವನು ಪ್ರತಿ ಸಲವೂ ಎದುರಾಳಿಯಂತೆಯೇ ಕಂಡ. ನಂಬುತ್ತೇನೆ ಎಂದೂ ತನ್ನ ಅಪನಂಬಿಕೆಗೆ ನೆರವಾಗಬೇಕೆಂದೂ ಒಂದೇ ಉಸಿರಿಗೆ ಬೇಡಿಕೊಂಡ ತಂದೆಯನ್ನು ಅವನು ಗದರಲಿಲ್ಲ. ಶಿಲುಬೆಯ ಮೇಲೆ ತಾನೇ 22ನೆಯ ಕೀರ್ತನೆಯ ಕೂಗನ್ನು ಕೂಗಿದ. ಆ ಏಕೆ ಎಂಬ ಪ್ರಶ್ನೆಗೆ ಅಂದು ಆಕಾಶದಿಂದ ವಿವರಣೆ ಬರಲಿಲ್ಲ. ದೇವರ ಮಗನಿಗೇ ಸಿಗದ ವಿವರಣೆಯನ್ನು ವಾರ್ಡಿನ ಬಾಗಿಲಲ್ಲಿ ಕೂತ ತಾಯಿಗೆ ಕೊಡಲು ನಾವು ಯಾರು?

ಈ ಅರಿವು ಇರುವವರು ಮಾಡಿದ ಕೆಲಸ ಇಲ್ಲೇ ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆಯಲ್ಲಿದೆ. ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. 1989ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಅಂದರೆ ಸಿ.ಎಂ.ಸಿ., ಅದರ ಹೊಣೆ ಹೊತ್ತಿತು. ಆ ಸಿ.ಎಂ.ಸಿ.ಯ ಮೂಲದಲ್ಲೂ ಉತ್ತರವಿಲ್ಲದ ಒಂದು ರಾತ್ರಿಯಿದೆ. ಗಂಡಸು ವೈದ್ಯರನ್ನು ಮನೆಯೊಳಗೆ ಬಿಡದ ಕಾರಣಕ್ಕೆ ಮೂವರು ಹೆಂಗಸರು ಹೆರಿಗೆಯಲ್ಲಿ ಸತ್ತರು. ತರುಣಿ ಐಡಾ ಸ್ಕಡರ್ ಹೋಗಿ ವೈದ್ಯಕೀಯ ಓದಿ ಬಂದು, 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. ಆ ರಾತ್ರಿ ದೇವರ ಚಿತ್ತ ಎಂದು ಅವರು ಕೈಮುಗಿದು ಸುಮ್ಮನಿದ್ದಿದ್ದರೆ ಆಸ್ಪತ್ರೆ ಇರುತ್ತಿರಲಿಲ್ಲ.

ಸಭೆಯೂ ಕಲಿಯಬಲ್ಲದು. ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳಿಗೆ ಸ್ವರ್ಗವಿಲ್ಲ, ಅವು ಲಿಂಬೋದಲ್ಲಿರುತ್ತವೆ ಎಂದು ಶತಮಾನಗಳ ಕಾಲ ಬೋಧಿಸಿದರು. 1917ರ ಕಥೋಲಿಕ ಧರ್ಮಸಭಾ ಕಾನೂನು ಅವುಗಳಿಗೆ ಸಭೆಯ ಶವಸಂಸ್ಕಾರವನ್ನು ನಿರಾಕರಿಸಿತು. 1983ರ ಕಾನೂನು, ಹೆತ್ತವರಿಗೆ ದೀಕ್ಷಾಸ್ನಾನ ಕೊಡಿಸುವ ಮನಸ್ಸಿದ್ದರೆ ಬಿಷಪರು ಅನುಮತಿ ಕೊಡಬಹುದು ಎಂದಿತು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗವು ಆ ಮಕ್ಕಳ ರಕ್ಷಣೆಯ ಬಗ್ಗೆ ಭರವಸೆಯಿಡಲು ಗಟ್ಟಿ ಆಧಾರಗಳಿವೆ ಎಂದು ಬರೆಯಿತು. ತಾಯಂದಿರಿಗೆ ಇದು ಮೊದಲೇ ಗೊತ್ತಿತ್ತು. ದೇವಶಾಸ್ತ್ರ ತಡವಾಗಿ ಬಂದು ಸೇರಿಕೊಂಡಿತು.

ಹಾಗಾದರೆ ನಮ್ಮ ನಿರೀಕ್ಷೆ ಏನು? ಪುನರುತ್ಥಾನ. ಅದಿಲ್ಲದಿದ್ದರೆ ಎರಡು ವರ್ಷ ಬದುಕಿದ ಮಗುವಿನ ಕಥೆ ಅಲ್ಲಿಗೇ ಮುಗಿಯಿತು. ಆದರೆ ಅದನ್ನು ಪರಿಹಾರಧನದಂತೆ ಹಂಚಬಾರದು. ಯೋಬನ ಕಥೆಯ ಕೊನೆ ನೋಡಿ. ಕುರಿ, ಒಂಟೆ, ಎತ್ತು ಎಲ್ಲ ಎರಡರಷ್ಟಾದವು. ಮಕ್ಕಳು ಮಾತ್ರ ಮೊದಲಿದ್ದಷ್ಟೇ, ಹತ್ತು. ಮೊದಲಿನ ಹತ್ತು ಮಕ್ಕಳು ದೇವರ ಬಳಿ ಕಳೆದುಹೋಗಿರಲಿಲ್ಲ, ಅದಕ್ಕೇ ಎಣಿಕೆ ಇಮ್ಮಡಿಯಾಗಲಿಲ್ಲ ಎಂದು ಹಳೆಯ ವ್ಯಾಖ್ಯಾನಕಾರರು ಓದಿದ್ದಾರೆ. ಸತ್ತ ಮಗುವಿಗೆ ಇನ್ನೊಂದು ಮಗು ಬದಲಿಯಲ್ಲ. ಆ ಮಗುವೇ ಸಿಗಬೇಕು. ಕ್ರೈಸ್ತ ನಿರೀಕ್ಷೆ ಕೇಳುವುದು ಅಷ್ಟು ದೊಡ್ಡದನ್ನು. ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಕೊನೆಯದಾಗಿ, ಈ ಸಮಾವೇಶ ಕೆಲವು ನಿರ್ಧಾರಗಳನ್ನು ಕೈಗೊಳ್ಳಲಿ ಎಂದು ಅಧ್ಯಕ್ಷನಾಗಿ ಕೋರುತ್ತೇನೆ. ಮಗು ಸತ್ತ ಮನೆಗೆ ಹೋದಾಗ ಕಾರಣ ಹೇಳದಿರೋಣ. ಅಡುಗೆ ಒಯ್ಯೋಣ, ಆಸ್ಪತ್ರೆಯ ಬಿಲ್ಲು ಕೇಳೋಣ, ತಿಂಗಳು ಕಳೆದ ಮೇಲೂ ಮಗುವಿನ ಹೆಸರು ಹಿಡಿದು ಮಾತನಾಡೋಣ. ತಲೆಮಾರಿನ ಶಾಪದ ಬೋಧನೆಗೆ ನಮ್ಮ ಪೀಠಗಳಲ್ಲಿ ಜಾಗ ಕೊಡದಿರೋಣ. ಪ್ರಾರ್ಥನೆಯ ಹೆಸರಿನಲ್ಲಿ ಮಗುವಿನ ಔಷಧ ನಿಲ್ಲಿಸಿ ಎನ್ನುವವರನ್ನು ಅಲ್ಲೇ ತಡೆಯೋಣ. ಕತ್ತಲೆಯಲ್ಲೇ ಮುಗಿಯುವ 88ನೆಯ ಕೀರ್ತನೆಯಂಥವನ್ನು ನಮ್ಮ ಕನ್ನಡ ಆರಾಧನೆಗೆ ಮತ್ತೆ ತರೋಣ. ಡಿಸೆಂಬರ್ 28ರ ನಿರಪರಾಧಿ ಶಿಶುಗಳ ದಿನದಂದು, ಕ್ರಿಸ್ಮಸ್ಸಿನ ದೀಪಗಳು ಇನ್ನೂ ಇರುವಾಗಲೇ, ಕಥೋಲಿಕರು ಪ್ರೊಟೆಸ್ಟೆಂಟರು ಎನ್ನದೆ ನಮ್ಮ ಸಭೆಗಳಲ್ಲಿ ತೀರಿಕೊಂಡ ಮಕ್ಕಳ ಹೆಸರುಗಳನ್ನು ಓದೋಣ, ಹುಟ್ಟುವ ಮೊದಲೇ ಹೋದವರನ್ನೂ ಸೇರಿಸಿ.

ಜೊತೆಗೆ, ತಡೆಯಬಹುದಾದ ನೋವನ್ನು ತಡೆಯೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ದಾಟಿದ ಕೂಸುಗಳಿಂದ ಐದು ವರ್ಷದೊಳಗಿನವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆಯಿತ್ತು. ಈ ಅಂಕಿಗಳಲ್ಲಿ ದೇವರ ಗುಟ್ಟೇನೂ ಇಲ್ಲ. ಊಟ, ಕಬ್ಬಿಣಾಂಶದ ಸಿರಪ್ಪು, ನಡೆಯುವ ಅಂಗನವಾಡಿ, ಅಮ್ಮನಿಗೆ ಸರಿಯಾದ ಕೂಲಿ ಇವುಗಳ ಕೊರತೆಯಿದೆ. ಪ್ರತಿ ಸಭೆ ತನ್ನ ಪಕ್ಕದ ಒಂದು ಅಂಗನವಾಡಿಯ ಬಾಗಿಲು ತಟ್ಟಿ, ಏನು ಬೇಕು ಎಂದು ಕೇಳಲಿ. ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಅದರ ವರದಿ ಓದಲಿ.

ನೋವಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲದಿದ್ದರೂ ನಾನು ವಿಶ್ವಾಸಿ. ಪ್ರಶ್ನೆ ಕೇಳುವವರನ್ನು ಯೇಸು ಹೊರಗೆ ಕಳಿಸಲಿಲ್ಲ, ನಾವೂ ಕಳಿಸದಿರೋಣ.  ದೇವರು ನಮ್ಮ ಮಕ್ಕಳನ್ನು ಕಾಯಲಿ, ಅವರನ್ನು ಕಾಯುವ ಬುದ್ಧಿಯನ್ನು ನಮಗೂ ಕೊಡಲಿ.