ಹಿತ್ತಿಲ ಸೂರಕ್ಕಿಯೂ ದೂರದ ಲೆನ್ಸೂ



ಮಲೆನಾಡಿನ ಹಿತ್ತಿಲಲ್ಲಿ ದಾಸವಾಳ ಅರಳಿದೊಡನೆ ಸೂರಕ್ಕಿ ಹಾಜರಾಗುತ್ತದೆ. ಅದರ ಉದ್ದ ಸುಮಾರು 10 ಸೆಂಟಿಮೀಟರ್. ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ, ಕೆಂಪು ಬೆನ್ನಿನ ಕಿರು ಸೂರಕ್ಕಿ ಇನ್ನೂ ಚಿಕ್ಕದು. ಇಂತಹ ಹಕ್ಕಿಯ ಚಿತ್ರಕ್ಕೆ 400 ಮಿಲಿಮೀಟರಿನ ಟೆಲಿಫೋಟೋ ಲೆನ್ಸ್ ಒಳ್ಳೆಯ ಸಾಧನ.

ಗಂಡು ಸೂರಕ್ಕಿಯ ನೆತ್ತಿಯ ಹೊಳಪು, ಗರಿಗಳ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವಂಥದು. ನೆರಳಿನಲ್ಲಿ ಅದೇ ನೆತ್ತಿ ಕಪ್ಪಾಗಿ ಕಾಣುತ್ತದೆ. ಆದುದರಿಂದ ಬೆಳಗಿನ ಬಿಸಿಲು ಬೆನ್ನಿಗಿರುವಂತೆ ಕುಳಿತು, ಷಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟು, ಹೂವಿನತ್ತ ಗುರಿಯಿಟ್ಟು ಕಾಯಬೇಕು. ಮಕರಂದವಿರುವ ಗಿಡಕ್ಕೆ ಹಕ್ಕಿ ಮರಳಿ ಬರುತ್ತದೆ; ಬೆನ್ನಟ್ಟಬೇಕಿಲ್ಲ.

ತೊಂದರೆ ಇರುವುದು ಗೂಡಿನ ಬಳಿ. ಜೇಡರ ಬಲೆ, ನಾರು, ತೊಗಟೆಯ ಚೂರುಗಳಿಂದ ಹೆಣೆದ ಗೂಡು ಎಷ್ಟೋ ಸಲ ಜಗಲಿಯೆದುರಿನ ಗಿಡದಲ್ಲೇ ತೂಗುತ್ತಿರುತ್ತದೆ. ಚಿತ್ರ ಸ್ಪಷ್ಟವಾಗಲೆಂದು ಅಡ್ಡಬಂದ ಎಲೆ ಕಿತ್ತರೆ ಗೂಡಿಗೆ ಬಿಸಿಲು ತಾಗುತ್ತದೆ; ಕಾಗೆ, ಕೆಂಬೂತಗಳ ಕಣ್ಣಿಗೂ ಅದು ಬೀಳುತ್ತದೆ. ಮನುಷ್ಯರು ಸಮೀಪದಲ್ಲಿ ನಿಂತಷ್ಟು ಹೊತ್ತು ತಾಯಿಹಕ್ಕಿ ಬರಲು ಅಂಜುತ್ತದೆ, ಮರಿಗಳು ಹಸಿದಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಂತೆ, ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ಭಂಗ ತರುವುದೂ ಬೇಟೆಯೇ.

ಟೆಲಿಫೋಟೋ ಲೆನ್ಸಿನ ನಿಜವಾದ ಉಪಯೋಗ ದೂರ ನಿಲ್ಲುವುದಕ್ಕೆ. ಲೆನ್ಸ್ ಕೊಳ್ಳಲಾಗದ ವಿದ್ಯಾರ್ಥಿಯೂ ಯಾವ ತಿಂಗಳಲ್ಲಿ, ಯಾವ ಹೂವಿಗೆ, ಯಾವ ಹಕ್ಕಿ ಬಂತೆಂದು ಬರೆದಿಡಬಹುದು; ಅದೂ ಬೆಲೆಯುಳ್ಳ ದಾಖಲೆಯೇ. ಗೂಡು ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಮರಿಗಳು ಹಾರುವವರೆಗೆ ಆ ಗಿಡಕ್ಕೆ ಕತ್ತಿ ತಾಗಿಸದಂತೆ ಮನೆಯವರಿಗೆ ತಿಳಿಸಿರಿ.